ಕಾರಿಗೆ ದುಡ್ಡು ಕೊಟ್ಟವನು ನಾನು, ಆರ್‌ಸಿಯಲ್ಲಿ ಹೆಸರು ಇನ್ಯಾರದ್ದೋ

ಹಳೆಯ ಕಾರು ಮಾರುವವರನ್ನು ಒಂದು ಮಾತು ಕೇಳಬೇಕಿದೆ. ನೋಟು ಎಣಿಸುವಾಗ ಅಷ್ಟು ಚುರುಕಾಗಿರುವ ನಿಮ್ಮ ಕೈ ಮಾಲೀಕತ್ವ ವರ್ಗಾಯಿಸುವ ಫಾರಂ 29, ಫಾರಂ 30ಕ್ಕೆ ಸಹಿ ಹಾಕಬೇಕೆಂದಾಗ ಮಾತ್ರ ಏಕೆ ಮರಗಟ್ಟುತ್ತದೆ? ‘ಆರ್‌ಸಿ ಊರಿನಲ್ಲಿದೆ ಸಾರ್, ಮುಂದಿನ ವಾರ ತಂದುಕೊಡುತ್ತೇನೆ’ ಎಂದ ಮಹಾನುಭಾವ ಈಗ ಫೋನ್ ಎತ್ತುವುದಿಲ್ಲ. ಅಪ್ಪಿತಪ್ಪಿ ಎತ್ತಿದರೆ ಮೀಟಿಂಗ್‌ನಲ್ಲಿರುತ್ತಾನೆ. ಭಾನುವಾರವೂ ಮೀಟಿಂಗ್!

ನಂಬರ್ ಹಾಕಿ ಮೊಬೈಲ್‌ನಲ್ಲಿ ನೋಡಿದರೆ ಮಾಲೀಕರ ಹೆಸರಿನ ಒಂದೆರಡು ಅಕ್ಷರ, ಮಿಕ್ಕಿದ್ದೆಲ್ಲ ನಕ್ಷತ್ರ ಚಿಹ್ನೆಗಳು. ಆ ಅಕ್ಷರಗಳಾದರೂ ನನಗೆ ಮಾರಿದವನ ಹೆಸರಿನವಲ್ಲ. ಈತ ದಲ್ಲಾಳಿ. ಯಾರದೋ ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು, ತನ್ನ ಹೆಸರು ಎಲ್ಲಿಯೂ ಬಾರದಂತೆ ಕಾರನ್ನು ದಾಟಿಸಿದ್ದಾನೆ. ಆ ಫಾರಂಗಳನ್ನಾದರೂ ಕೊಟ್ಟನೇ? ಅದೂ ಇಲ್ಲ. ಸಾಲದೆಂಬಂತೆ ಕೆಳಗೆ ಸಾಲ ಕೊಟ್ಟ ಕಂಪನಿಯ ಹೆಸರು, ಹೈಪೊಥಿಕೇಶನ್, ಅಂದರೆ ಕಾರು ಸಾಲಕ್ಕೆ ಅಡವಿದೆ ಎಂಬ ನಮೂದು.

ಮೋಟಾರು ವಾಹನ ಕಾಯ್ದೆ 1988ರ ಕಲಂ 50 ಓದಿದರೆ ರಕ್ತ ಕುದಿಯುತ್ತದೆ. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ವರ್ಗಾವಣೆಯನ್ನು ತಿಳಿಸಬೇಕು, ಕೊಂಡವರಿಗೆ 30 ದಿನ. ಅಂದರೆ ಮೊದಲ ಹೊಣೆ ಮಾರಿದವರದ್ದೇ. ಆದರೆ ಆರ್‌ಟಿಒ ಕೌಂಟರಿನಲ್ಲಿ ಬೈಸಿಕೊಳ್ಳುವವನು ನಾನು. ‘ಮಾಲೀಕರನ್ನು ಕರೆದುಕೊಂಡು ಬನ್ನಿ’ ಎಂದರು, ತಲೆ ಎತ್ತದೆ. ಅವರೇ ಸಿಕ್ಕಿದ್ದರೆ ನಾನೇಕೆ ಆ ಕಿಟಕಿಯ ಮುಂದೆ ನಿಲ್ಲುತ್ತಿದ್ದೆ? ಆರ್‌ಸಿ ಕಳೆದಿದೆಯೆಂದು ನಕಲು ಪ್ರತಿ ಕೇಳೋಣವೆಂದರೆ ಅದಕ್ಕೆ ಫಾರಂ 26, ಅದರಲ್ಲಿಯೂ ಬೇಕಾದದ್ದು ಮಾಲೀಕರ ಸಹಿ. ಆನ್‌ಲೈನ್‌ನಲ್ಲಿ ಮಾಡೋಣವೆಂದರೆ ಒಟಿಪಿ ಹೋಗುವುದು ಅವರ ಹಳೆಯ ನಂಬರಿಗೆ, ಅದು ಸ್ವಿಚ್ ಆಫ್. ಚಾಸಿ ನಂಬರಿನ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ, ಒಂದೊಂದು ಅಂಕಿಯೂ ಮೂಡುವಂತೆ ಅಚ್ಚು ತೆಗೆದಿಟ್ಟುಕೊಂಡಿದ್ದೇನೆ. ಅದೊಂದೇ ನನ್ನ ಕೈಯಲ್ಲಿ ಆಗುವ ಕೆಲಸ.

2023ರ ಏಪ್ರಿಲ್‌ನಿಂದ ಡೀಲರುಗಳಿಗೆ ಹೊಸ ನಿಯಮ ಬಂದಿದೆ. ಅಧಿಕೃತ ಡೀಲರಿಗೆ ಕಾರು ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಿದರೆ ಅಲ್ಲಿಂದ ಮುಂದಿನ ಹೊಣೆ ಡೀಲರಿನದ್ದು. ಒಳ್ಳೆಯದೇ. ಆದರೆ ಬೋರ್ಡೂ ಇಲ್ಲದೆ, ಅಂಗಡಿಯೂ ಇಲ್ಲದೆ, ಎರಡು ಸಿಮ್ ಇಟ್ಟುಕೊಂಡು ಮರದ ನೆರಳಿನಲ್ಲಿ ವ್ಯಾಪಾರ ಮಾಡುವವನಿಗೆ ಯಾವ ಪೋರ್ಟಲ್, ಯಾವ ನಿಯಮ?

ಕೊನೆಗೆ ಹಳೆಯ ಸರ್ವಿಸ್ ಬಿಲ್ಲೊಂದರ ಜಾಡು ಹಿಡಿದು ಅಸಲಿ ಮಾಲೀಕರನ್ನು ಪತ್ತೆ ಮಾಡಿದೆ. ‘ನಾನು ಮಾರಿ ಕೈತೊಳೆದುಕೊಂಡಿದ್ದೇನೆ, ನನಗೇಕೆ ತೊಂದರೆ ಕೊಡುತ್ತೀರಿ?’ ಎಂದರು. ಕೈ ತೊಳೆದಿಲ್ಲ ಸ್ವಾಮಿ! ಕಾರು ಎಷ್ಟೇ ಕೈ ಬದಲಾಗಿರಲಿ, ಅಪಘಾತವಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದೆ. ಅದನ್ನು ತಿಳಿಸಿದ ಮೇಲೆ ದನಿ ಮೆತ್ತಗಾಯಿತು. ಮರುದಿನ ತಾವೇ ಫೋನ್ ಮಾಡಿ, ಬಸ್ ಚಾರ್ಜು ಮತ್ತು ಒಂದು ದಿನದ ಸಂಬಳ ಕೊಟ್ಟರೆ ಬಂದು ಸಹಿ ಹಾಕುವುದಾಗಿ ಹೇಳಿದರು. ಕೊಡುತ್ತೇನೆ, ಬೇರೆ ದಾರಿ ಏನಿದೆ?

ಸಾಲ ಎಂದೋ ತೀರಿದೆಯಂತೆ. ಆದರೆ ಅಡವು ಮುಗಿದಿದೆಯೆಂದು ತಿಳಿಸುವ ಫಾರಂ 35 ಯಾರೂ ತೆಗೆದುಕೊಂಡಿಲ್ಲ, ಅದಿಲ್ಲದೆ ವರ್ಗಾವಣೆ ಮುಂದೆ ಹೋಗುವುದಿಲ್ಲ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಅರ್ಧ ಗಂಟೆ ಸಂಗೀತ ಕೇಳಿದೆ. ಆಮೇಲೆ ಬಂದ ಹುಡುಗಿ ಬಹಳ ವಿನಯದಿಂದ ಹೇಳಿದ್ದು: ‘ಕ್ಷಮಿಸಿ ಸಾರ್, ಈ ವಾಹನದ ಬಗ್ಗೆ ನಿಮಗೆ ಮಾಹಿತಿ ಕೊಡಲಾಗುವುದಿಲ್ಲ. ಮಾಲೀಕರೇ ಮಾತನಾಡಬೇಕು.’