ಪಹಣಿಗಿರುವ ಬುದ್ಧಿ ಆರ್‌ಸಿಗೆ ಯಾಕಿಲ್ಲ?

ಊರಿಗೆ ಹೋದಾಗಲೆಲ್ಲ ತಲೆ ಕೆಡಿಸಿಕೊಂಡು ಬರೋದು ನನ್ನ ಹಣೆಬರಹ, ನಿಮಗೆ ಗೊತ್ತೇ ಇದೆ. ಈ ಸಲದ ಕಾರಣ ಒಂದು ಟ್ರ್ಯಾಕ್ಟರ್. ನಮ್ಮ ಓಣಿಯ ಮೂರು ಮನೆಯವರು ಸಮ ದುಡ್ಡು ಹಾಕಿ ತಂದದ್ದು. ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಮಾತ್ರ ಒಬ್ಬ ಹಿರಿಯರ ಹೆಸರಲ್ಲಿ. ಅವರು ತೀರಿಕೊಂಡರು. ಈಗ ಅವರ ಮಗ "ಗಾಡಿ ನಮ್ಮಪ್ಪಂದು, ಕಾಗದ ನೋಡಿ" ಅನ್ನುತ್ತಿದ್ದಾನೆ. ಉಳಿದ ಇಬ್ಬರೂ ನೋಡಿದರು. ಕಾಗದ ಅವನ ಕಡೆಗೇ ಇದೆ! ವಾರಸುದಾರ ಅಂತ ಅವನು ಫಾರ್ಮ್ 31 ಹಾಕಿದರೆ ಗಾಡಿ ಅವನ ಹೆಸರಿಗೆ.

ನನ್ನ ಕೋಪ ಆ ಹುಡುಗನ ಮೇಲಲ್ಲ (ಸ್ವಲ್ಪ ಇದೆ, ಇರಲಿ). 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಮೇಲೆ. ಹಲವರು ಸೇರಿ ಗಾಡಿ ಕೊಂಡರೆ ಎಲ್ಲರ ಪರವಾಗಿ ಒಬ್ಬರು ಅರ್ಜಿ ಹಾಕಬೇಕಂತೆ, ಕಾಯ್ದೆಯ ಲೆಕ್ಕದಲ್ಲಿ ಅರ್ಜಿ ಹಾಕಿದವರೇ ಮಾಲೀಕರಂತೆ. ಅಂದರೆ ಕೂಡಿ ಕೊಳ್ಳುವವರು ಇದ್ದಾರೆ ಅಂತ ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಉಳಿದವರ ಹೆಸರು ಬಿಟ್ಟಿದ್ದಾರೆ.

ಅದೇ ಜನರ ಜಮೀನಿನ ಪಹಣಿ ತೆಗೆದು ನೋಡಿ. ಅಣ್ಣ, ತಮ್ಮ, ಅಕ್ಕ, ತಂಗಿ ಅಂತ ಜಂಟಿಯಾಗಿ ಹತ್ತು ಹೆಸರು ಇರುತ್ತವೆ. ಉಳುವ ನೆಲಕ್ಕೆ ಹತ್ತು ಜನ ಒಡೆಯರು ಇರಬಹುದು, ಉಳುವ ಯಂತ್ರಕ್ಕೆ ಒಬ್ಬನೇ!

ಹೆಸರಿದ್ದವನಾದರೂ ಸುಖವಾಗಿದ್ದಾನಾ? ಅದೂ ಇಲ್ಲ. ಅಪಘಾತ ಆದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಕ್ಕದ ಮನೆಯವನು ಓಡಿಸಿ ಯಾರಿಗೋ ಗುದ್ದಿದರೂ ನೋಟಿಸು ಇವನಿಗೆ. ಒಂದೊಂದು ಸಾಮಾನು ಒಬ್ಬೊಬ್ಬರ ಹೆಸರಿಗೆ ಮಾಡೋಣ ಅಂದರೆ, ಟ್ರೇಲರ್‌ಗೆ ಬೇರೆ ನೋಂದಣಿ ಇದೆಯಲ್ಲ, ಅದನ್ನು ಎರಡನೆಯವನ ಹೆಸರಿಗೆ ಮಾಡಿಸಿ ಸಮಾಧಾನ ಮಾಡಬಹುದು. ಮೂರನೆಯವನಿಗೆ ಮಣ್ಣು ಹದ ಮಾಡುವ ರೋಟವೇಟರ್. ಅದಕ್ಕೆ ನಂಬರೂ ಇಲ್ಲ, ಕಾಗದವೂ ಇಲ್ಲ. ಸುಮ್ನೆ ನೋಡಿಕೊಂಡು ಕೂರಬೇಕು.

"ಸಂಘ ಮಾಡ್ಕೊಳ್ಳಿ, ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಮಾಡ್ಕೊಳ್ಳಿ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಸ್ವಾಮೀ, ಕೇಂದ್ರದ ಯೋಜನೆಯಲ್ಲಿ ಬಯಲುಸೀಮೆಯ ಎಫ್‌ಪಿಒಗೆ ಕನಿಷ್ಠ 300 ಸದಸ್ಯರು ಬೇಕು. ಮೂರು ಮನೆ, ಒಂದು ಟ್ರ್ಯಾಕ್ಟರ್! ಪಾಲುದಾರಿಕೆ ಸಂಸ್ಥೆ ಮಾಡಬಹುದು, ಸರಿ. ಅದಕ್ಕೆ ಪ್ಯಾನ್ ಕಾರ್ಡು, ವರ್ಷ ವರ್ಷ ಲೆಕ್ಕಪತ್ರ, ಆಡಿಟರ್ ಮನೆಗೆ ಅಲೆದಾಟ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ತಗೊಳ್ಳಿ ಅನ್ನೋರಿಗೆ ಒಂದೇ ಮಾತು: ಹದವಾದ ಮಳೆ ಬಿದ್ದಾಗ ಇಡೀ ಹೋಬಳಿಗೂ ಒಂದೇ ದಿನ ಟ್ರ್ಯಾಕ್ಟರ್ ಬೇಕು.

2021ರಲ್ಲಿ ಆರ್‌ಸಿಗೆ ನಾಮಿನಿ ಹೆಸರು ಸೇರಿಸುವ ಅವಕಾಶ ಬಂತು, ಒಳ್ಳೆಯದೇ. ಆದರೆ ಅದು ಸತ್ತ ಮೇಲಿನ ಮಾತು. ಬದುಕಿದ್ದು, ದುಡ್ಡು ಹಾಕಿ, ಡೀಸೆಲ್ ತುಂಬಿಸುತ್ತಿರುವ ಪಾಲುದಾರನಿಗೆ ಎಲ್ಲಿ ಜಾಗ? ಸಿವಿಲ್ ಕೋರ್ಟಿನಲ್ಲಿ ಪಾಲು ಸಾಬೀತು ಮಾಡಬಹುದು ಅಂತಾರೆ ವಕೀಲರು. ಮಾಡಬಹುದು. ಕೇಸು ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರ್ ಗುಜರಿಗೆ ಹೋಗಿರುತ್ತೆ.

ಸಾಲ ಕೊಟ್ಟ ಬ್ಯಾಂಕಿನ ಹೆಸರಿಗೆ ಆರ್‌ಸಿಯಲ್ಲಿ ಜಾಗ ಇದೆ, ಅಲ್ವಾ? ಚಾಸಿ ನಂಬರು, ಎಂಜಿನ್ ನಂಬರು, ಬಣ್ಣ ಎಲ್ಲದಕ್ಕೂ ಇದೆ. ಇನ್ನೆರಡು ಹೆಸರು ಹಿಡಿಯಲ್ವಾ ಅಲ್ಲಿ?