ಹಡಗು ಅಗ್ಗ, ಕ್ಷಿಪಣಿಗೆ ಬೇರೆ ಬಿಲ್

ಮಂಗಳೂರಿನ ದಕ್ಕೆಯಲ್ಲಿ ಹಳೆಯ ಸ್ಟೀಲ್ ಟ್ರಾಲ್ ಬೋಟೊಂದು ಮಾರಾಟಕ್ಕಿದೆ ಎಂದರೆ ಕೊಳ್ಳುವವರು ಒಂಟಿಯಾಗಿ ಬರುವುದಿಲ್ಲ. ಜತೆಗೊಬ್ಬ ತಾಂಡೇಲ (ಬೋಟು ನಡೆಸುವವ), ಒಬ್ಬ ಮೆಕ್ಯಾನಿಕ್ ಇರಲೇಬೇಕು. ಮೆಕ್ಯಾನಿಕ್ ಮಾತಾಡದೆ ಬೋಟಿನ ಹೊಟ್ಟೆಗಿಳಿದು, ನಿಂತ ನೀರಿನ ಮೇಲೆ ಎಣ್ಣೆ ತೇಲುತ್ತಿದೆಯೇ ನೋಡಿ, ಸುತ್ತಿಗೆಯಲ್ಲಿ ತಳದ ತಗಡು ಬಡಿದು ಸದ್ದು ಕೇಳುತ್ತಾನೆ. ತಾಂಡೇಲ ಎಂಜಿನ್ ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡುತ್ತಾನೆ. ಗೇರ್‌ಬಾಕ್ಸ್, ಶಾಫ್ಟ್, ಫ್ಯಾನ್, ವಿಂಚ್ ಎಲ್ಲ ಮುಗಿದ ಮೇಲೆ ಕೊನೆಯ ಪ್ರಶ್ನೆ: ಬಲೆ ಸೇರಿಯೋ, ಬಿಟ್ಟೋ? ವೈರ್‌ಲೆಸ್ಸು, ಫಿಶ್ ಫೈಂಡರ್ ಬೋಟಿನಲ್ಲೇ ಉಳಿಯುತ್ತದೋ, ಬಿಚ್ಚಿಕೊಂಡು ಹೋಗುತ್ತೀರೋ? ಇದು ಇತ್ಯರ್ಥವಾಗದೆ ಅಡ್ವಾನ್ಸಿನ ಒಂದು ನೋಟೂ ಜೇಬಿನಿಂದ ಹೊರಗೆ ಬರುವುದಿಲ್ಲ.

ಸಾರ್ವಭೌಮ ರಾಷ್ಟ್ರಗಳು ಇಂಥ ಚಿಲ್ಲರೆ ಬುದ್ಧಿ ತೋರಿಸುವುದಿಲ್ಲ. ಸೆಕೆಂಡ್ ಹ್ಯಾಂಡ್ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆ, ಕೊಳ್ಳುವಾಗ ಅವು ನೋಡುವುದು ಮೂರೇ: ಬಣ್ಣ ಹೊಸದಿದೆಯೇ, ಹೆಸರು ಬದಲಿಸಬಹುದೇ, ಹಸ್ತಾಂತರದ ದಿನ ಬ್ಯಾಂಡಿನವರು ಸಿಗುತ್ತಾರೆಯೇ.

2003ರಲ್ಲಿ ರೊಮೇನಿಯಾ 11.6 ಕೋಟಿ ಪೌಂಡಿಗೆ ಬ್ರಿಟನ್ನಿನಿಂದ ಎರಡು ಟೈಪ್ 22 ಫ್ರಿಗೇಟ್ ಕೊಂಡಿತು. ಬ್ರಿಟಿಷರ ಕೈಯಲ್ಲಿದ್ದಾಗ ಅವುಗಳ ಮೂತಿಯ ಮೇಲೆ ಹಡಗು ಹೊಡೆಯುವ ಎಕ್ಸೋಸೆಟ್ ಕ್ಷಿಪಣಿಗಳು, ಹಿಂದೆ ಮುಂದೆ ವಿಮಾನ ಹೊಡೆಯುವ ಸೀ ವುಲ್ಫ್. ರೊಮೇನಿಯಾ ತಲುಪಿದಾಗ ಎರಡೂ ಇಲ್ಲ; ಮುಖ್ಯ ಆಯುಧ 76 ಮಿಲಿಮೀಟರಿನ ಒಂದು ತೋಪು. ಒಂದಕ್ಕೆ ರಾಜನ ಹೆಸರು, ಇನ್ನೊಂದಕ್ಕೆ ರಾಣಿಯ ಹೆಸರು ಇಟ್ಟದ್ದಾಯಿತು. ಕ್ಷಿಪಣಿ? ಅದು ಎರಡನೇ ಹಂತದಲ್ಲಿ ಎಂದರು. ಆ ಎರಡನೇ ಹಂತ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಬಂತು. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಏಳುವುದನ್ನು ಕಣ್ಣಾರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆರೆಯ ಪಾಕಿಸ್ತಾನದ್ದೂ ಅದೇ ಕಥೆ. 1993–94ರಲ್ಲಿ ಬ್ರಿಟನ್ನಿನಿಂದ ಆರು ಟೈಪ್ 21 ಬಂದವು, ಎಕ್ಸೋಸೆಟ್ ಬಿಚ್ಚಿದ ಮೇಲೆ. 2010ರಲ್ಲಿ ಅಮೆರಿಕದಿಂದ ಒಂದು ಪೆರಿ ವರ್ಗದ ಫ್ರಿಗೇಟ್ ಬಂತು. ಕ್ಷಿಪಣಿ ಲಾಂಚರನ್ನು ಅಮೆರಿಕದವರು ಎಷ್ಟೋ ಮೊದಲೇ ಕಿತ್ತಿದ್ದರು. ಬಲೆ ಸೇರಿಯೋ ಬಿಟ್ಟೋ ಎಂದು ಕೇಳಲು ಯಾರೂ ಇರಲಿಲ್ಲವೋ, ಕೇಳಿದವರನ್ನು ನಿಯೋಗದಿಂದ ಕೈಬಿಟ್ಟರೋ.

ಹಾಗಂತ ನಾವು ನಗುವ ಹಾಗಿಲ್ಲ ಮಾರಾಯ್ರೆ. ಕಾರವಾರದ ನೆಲೆಯ ಐಎನ್‌ಎಸ್ ವಿಕ್ರಮಾದಿತ್ಯ ಫ್ರಿಗೇಟ್ ಅಲ್ಲ, ವಿಮಾನವಾಹಕ. ಆದರೆ ಈ ಶಾಸ್ತ್ರದ ಮೂಲಗ್ರಂಥ ಅದೇ. ರಷ್ಯಾದ ಜತೆಗಿನ 2004ರ ಒಪ್ಪಂದದ ಪ್ರಕಾರ ಹಡಗು ಪುಕ್ಕಟೆ, ರಿಪೇರಿಗೆ ಮಾತ್ರ 97.4 ಕೋಟಿ ಡಾಲರ್, 2008ಕ್ಕೆ ರೆಡಿ. ಬಿಚ್ಚಿ ನೋಡಿದ ಮೇಲೆ 2,500 ಕಂಪಾರ್ಟ್‌ಮೆಂಟುಗಳಲ್ಲಿ 1,750 ಹೊಸದಾಗಿ ಕಟ್ಟಬೇಕಾಯಿತು, ಕೇಬಲ್ಲುಗಳನ್ನು ಕಿತ್ತು ಎಳೆಯಬೇಕಾಯಿತು, ಪುಕ್ಕಟೆ ಹಡಗಿನ ಬಿಲ್ 235 ಕೋಟಿ ಡಾಲರಿಗೆ ಹೋಯಿತು. ಹೊಸದಕ್ಕಿಂತ ಹಳೆಯದೇ ದುಬಾರಿ ಎಂದು 2009ರಲ್ಲೇ ಸಿಎಜಿ ಆಕ್ಷೇಪ ಎತ್ತಿತ್ತು. 2012ರ ಸಮುದ್ರ ಪರೀಕ್ಷೆಯಲ್ಲಿ ಪೂರ್ಣ ವೇಗಕ್ಕೆ ಏರಿಸಿದಾಗ ಎಂಟು ಬಾಯ್ಲರುಗಳಲ್ಲಿ ಏಳು ಕೈಕೊಟ್ಟವು. ಕಲ್ನಾರಿನ ಹೊದಿಕೆ ಬೇಡವೆಂದು ನಾವು ಹೇಳಿದ್ದಕ್ಕೆ ಹಾಕಿದ ಇಟ್ಟಿಗೆ ಕಾವು ತಾಳಲಿಲ್ಲ. ಕಡೆಗೆ ಹಡಗು ನಮ್ಮದಾದದ್ದು 2013ರ ನವೆಂಬರಿನಲ್ಲಿ.

ಇನ್ನು ಸಾಮರ್ಥ್ಯದ ಮೌಲ್ಯಮಾಪನ. ಈ ಕೆಲಸವನ್ನು ಟಿವಿ ಸ್ಟುಡಿಯೋಗಳೂ ವಾಟ್ಸ್‌ಆ್ಯಪ್ ಗುಂಪುಗಳೂ ವಹಿಸಿಕೊಂಡಿವೆ. ಎಡಕ್ಕೆ ಅವರ ಫ್ರಿಗೇಟ್, ಬಲಕ್ಕೆ ನಮ್ಮದು, ಕೂಡಿಸು, ಕಳೆ, ಯುದ್ಧ ಮುಗಿಯಿತು. ಕ್ಷಿಪಣಿಯಿಲ್ಲದ ಹಡಗೂ ಒಂದು, ಡಾಕಿನಲ್ಲಿ ಬಿಚ್ಚಿಟ್ಟ ಹಡಗೂ ಒಂದು. ಅಂಕಿಗಳು ಬರುವುದು ಕರಪತ್ರದಿಂದ, ಕರಪತ್ರ ಬರೆದದ್ದು ಮಾರುವವನು.

ಟೈಪ್ 22ರ ಕರಪತ್ರದಲ್ಲಿ ವೇಗ 30 ನಾಟ್ (ಗಂಟೆಗೆ 30 ನಾಟಿಕಲ್ ಮೈಲು), ವ್ಯಾಪ್ತಿ 4,500 ನಾಟಿಕಲ್ ಮೈಲು ಎಂದಿದೆ. ಎರಡೂ ನಿಜ, ಒಟ್ಟಿಗೆ ನಿಜವಲ್ಲ. 4,500 ಮೈಲು ಸಿಗುವುದು 18 ನಾಟಿನಲ್ಲಿ ಹೋದರೆ. ಹಡಗನ್ನು ತಳ್ಳಲು ಬೇಕಾದ ಶಕ್ತಿ ಸುಮಾರಾಗಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 18ರಿಂದ 30ಕ್ಕೆ ಹೋದರೆ ನಾಲ್ಕೂವರೆ ಪಟ್ಟಿಗೂ ಮಿಕ್ಕಿ. ಹಾಗಾಗಿಯೇ ಅದರಲ್ಲಿ ನಿಧಾನಕ್ಕೆ ಓಡಲು ಟೈನ್, ಜೋರಾಗಿ ಓಡಲು ಒಲಿಂಪಸ್ ಎಂದು ಎರಡು ಬಗೆಯ ಗ್ಯಾಸ್ ಟರ್ಬೈನ್ ಇಟ್ಟಿದ್ದಾರೆ. ಒಲಿಂಪಸ್ ಅಂದರೆ ಕಾಂಕಾರ್ಡ್ ವಿಮಾನದ ಎಂಜಿನ್ ಇತ್ತಲ್ಲ, ಅದೇ ವಂಶ. ಸಬ್ಸಿಡಿ ಡೀಸೆಲಿನ ಲೀಟರು ಲೆಕ್ಕದಲ್ಲಿ ಕಸುಬು ಮಾಡುವ ಮಲ್ಪೆಯವರು ಈ ಹಡಗನ್ನು ಅಳಿವೆ ದಾಟಿಸುವ ಮೊದಲೇ ವಾಪಸ್ ಕೊಡುತ್ತಿದ್ದರು. ಟರ್ಬೈನಿನ ಗಂಟೆ ಮೀಟರ್ ನೋಡಿ ತೃಪ್ತಿಪಡುವುದೂ ಬೇಡ. ಬೋರೋಸ್ಕೋಪ್ (ಯಂತ್ರದೊಳಗೆ ಇಣುಕುವ ಸಪೂರ ನಳಿಗೆ) ಇಳಿಸಿ ಬ್ಲೇಡುಗಳನ್ನು ನೋಡಬೇಕು, ಉಪ್ಪುಗಾಳಿ ಕುಡಿದ ಬ್ಲೇಡಿನ ಲೇಪ ಎದ್ದಿರುತ್ತದೆ. ಅಷ್ಟೇ ಶಕ್ತಿಗೆ ಈಗ ಬರುವ ಹೊಗೆಯ ಕಾವನ್ನು ಹಳೆಯ ದಾಖಲೆಗೆ ಹೋಲಿಸಬೇಕು. ಕಾವು ಹೆಚ್ಚಿದ್ದರೆ ಮೀಟರ್ ಏನೇ ಹೇಳಲಿ, ಯಂತ್ರ ಮುದುಕ.

ರಾಡಾರ್ ಇನ್ನೂ ರಂಜನೀಯ. 'ಇನ್ನೂರು ಕಿಲೋಮೀಟರ್ ದೂರ ಕಾಣುತ್ತದೆ' ಎಂದು ನಿರೂಪಕರು ಕೂಗುವಾಗ, ಅದು ಎತ್ತರದಲ್ಲಿ ಹಾರುವ ವಿಮಾನದ ಮಾತು ಎಂಬುದು ಜಾಹೀರಾತಿನ ವಿರಾಮದಲ್ಲಿ ಕಳೆದುಹೋಗುತ್ತದೆ. ಭೂಮಿ ದುಂಡಗಿದೆ. ರಾಡಾರ್ ನೀರಿನಿಂದ 25 ಮೀಟರ್ ಮೇಲಿದ್ದು, ಕ್ಷಿಪಣಿ ಅಲೆಗಳ ಮೇಲೆ 4 ಮೀಟರಿನಲ್ಲಿ ಬರುತ್ತಿದ್ದರೆ ಲೆಕ್ಕ ಹೀಗೆ: 25ರ ವರ್ಗಮೂಲ 5, 4ರದ್ದು 2, ಕೂಡಿದರೆ 7, ಅದನ್ನು 4.12ರಿಂದ ಗುಣಿಸಿದರೆ ಸುಮಾರು 29 ಕಿಲೋಮೀಟರ್. ಸೆಕೆಂಡಿಗೆ 300 ಮೀಟರ್ ಬರುವ ಕ್ಷಿಪಣಿಗೆ ಅದು ಒಂದೂವರೆ ನಿಮಿಷದ ದಾರಿ. ಅಷ್ಟರಲ್ಲಿ ಗುರುತಿಸಿ, ನಮ್ಮದಲ್ಲವೆಂದು ಖಚಿತಪಡಿಸಿ, ಹೊಡೆಯಬೇಕು. ಹೊಡೆಯಲು ಕ್ಷಿಪಣಿ ಇದ್ದರೆ.

ಉತ್ತರ ಅಟ್ಲಾಂಟಿಕದ ಚಳಿಗೆ ಕಟ್ಟಿದ ಹಡಗು ನಮ್ಮ ಕಡಲಿಗೆ ಬಂದರೆ ಮೊದಲು ಸುಸ್ತಾಗುವುದು ಎಸಿ. ಅಲ್ಲಿ ಎಲೆಕ್ಟ್ರಾನಿಕ್ಸ್ ತಂಪು ಮಾಡಲು ಒಳಗೆ ಎಳೆಯುತ್ತಿದ್ದ ನೀರು ಹತ್ತು ಡಿಗ್ರಿ ಆಸುಪಾಸು. ಏಪ್ರಿಲಿನಲ್ಲಿ ಪಣಂಬೂರಿನ ಹೊರಗೆ ಅದೇ ಪಂಪು ಎಳೆಯುವುದು ಮೂವತ್ತರ ಹತ್ತಿರದ್ದು. ಪೈಪಿನೊಳಗೆ ಚಿಪ್ಪುಗಳು ಬೇರೆ ಸಂಸಾರ ಹೂಡುತ್ತವೆ. ಚಿಲ್ಲರ್ ಸೋತಿತೆಂದರೆ ರಾಡಾರಿನ ಕೋಣೆ ಬೆವರುತ್ತದೆ, ರಾಡಾರ್ ತಾನಾಗಿ ಟ್ರಿಪ್ ಆಗುತ್ತದೆ. ಶಬ್ದದಿಂದ ನೀರಿನೊಳಗೆ ಹುಡುಕುವ ಸೋನಾರಿನ ಗತಿಯೂ ಅಷ್ಟೇ. ಮಳೆಗಾಲದಲ್ಲಿ ಇಲ್ಲಿ ಕೆಳಗಿನ ತಣ್ಣೀರು ಮೇಲಕ್ಕೆದ್ದು ಬರುತ್ತದೆ. ಬೂತಾಯಿ, ಬಂಗುಡೆಗೆ ಹಬ್ಬ. ಆದರೆ ಮೇಲಿನ ಬೆಚ್ಚನೆಯ ಪದರಕ್ಕೂ ಕೆಳಗಿನ ತಣ್ಣನೆಯ ಪದರಕ್ಕೂ ನಡುವಿನ ಗಡಿಯಲ್ಲಿ ಶಬ್ದ ಬಾಗಿಬಿಡುವುದರಿಂದ, ಹಡಗಿನ ತಳಕ್ಕೆ ಅಂಟಿದ ಸೋನಾರಿಗೆ ಗಡಿಯ ಕೆಳಗೆ ಕೂತ ಜಲಾಂತರ್ಗಾಮಿ ಕಾಣುವುದೇ ಕಷ್ಟ. ಅದಕ್ಕೆ ಆಳಕ್ಕಿಳಿಸಿ ಎಳೆಯುವ ಸೋನಾರ್ ಬೇಕು. ಅದು ಮಾರಾಟದ ಪಟ್ಟಿಯಲ್ಲಿದೆಯೇ? ಬಂದರಿನ ಮೆಕ್ಯಾನಿಕ್ಕನ್ನು ಕಳಿಸಿದ್ದರೆ ಕೇಳಿಕೊಂಡು ಬರುತ್ತಿದ್ದ.

ಹೊಸ ಬಣ್ಣ ಕಂಡಲ್ಲಿ ಕೈಯಿಡಿ. ಡ್ರೈಡಾಕಿಗೆ ಎತ್ತಿಸಿ, ಅಲ್ಟ್ರಾಸಾನಿಕ್ ಗೇಜಿನಿಂದ ತಗಡಿನ ದಪ್ಪ ಅಳೆಯಬೇಕು. ಚಂದದ ಜಾಗದಲ್ಲಲ್ಲ: ಬಚ್ಚಲಿನ ಕೆಳಗೆ, ಅಡುಗೆಕೋಣೆಯ ಕೆಳಗೆ, ಸಮುದ್ರದ ನೀರು ಒಳಗೆಳೆಯುವ ಪೆಟ್ಟಿಗೆಗಳ ಸುತ್ತ, ನೀರಿನ ಗೆರೆಯ ಹತ್ತಿರ. ಮೂಲ ದಪ್ಪದ ಐದನೇ ಒಂದರಿಂದ ಕಾಲು ಭಾಗ ಸವೆದಿದ್ದರೆ ಸಾಮಾನ್ಯವಾಗಿ ಕತ್ತರಿಸಿ ಹೊಸ ತಗಡು ಹಾಕಬೇಕಾಗುತ್ತದೆ. ಮೇಲ್ಕಟ್ಟು ಅಲ್ಯೂಮಿನಿಯಮಿನದ್ದಾದರೆ ಅದು ಉಕ್ಕಿಗೆ ಸೇರುವ ಗೆರೆಯನ್ನು ಬಿಡದೆ ನೋಡಿ. ಎರಡು ಲೋಹಗಳ ನಡುವೆ ಉಪ್ಪುನೀರು ಕೂತರೆ ಅಲ್ಯೂಮಿನಿಯಂ ಕರಗುತ್ತದೆ. ಟೈಪ್ 21ಗಳು ಬಿರುಕು ಬಿಡುವುದಕ್ಕೇ ಹೆಸರಾಗಿದ್ದವು. ಬಿಡಿಭಾಗಗಳ ಪಟ್ಟಿ ಕೇಳಿ, ಅವನ್ನು ಈಗಲೂ ತಯಾರಿಸುವವರು ಯಾರೆಂದೂ ಕೇಳಿ. 'ಯಾರೂ ಇಲ್ಲ' ಎಂದರೆ ಎರಡು ಹಡಗು ಕೊಳ್ಳುವುದೆಂದರೆ ಒಂದು ಹಡಗು ಮತ್ತು ಒಂದು ಬಿಡಿಭಾಗದ ಗೋದಾಮು ಎಂದು ತಿಳಿಯಿರಿ. ಎಲ್ಲ ಸರಿಯಿದ್ದರೂ ಮೂರರಲ್ಲಿ ಒಂದು ಕಡಲಲ್ಲಿ, ಒಂದು ತರಬೇತಿಯಲ್ಲಿ, ಒಂದು ಡಾಕಿನಲ್ಲಿ. ನೌಕಾಪಡೆಗಳು ಲೆಕ್ಕ ಹಾಕುವುದೇ ಹೀಗೆ. ಸ್ಟುಡಿಯೋದ ಪಟ್ಟಿಗೆ ಮಾತ್ರ ಮೂರೂ ಹಗಲೂ ರಾತ್ರಿ ಗಸ್ತು.

ಹಳೆಯದೆಲ್ಲ ಕೆಟ್ಟದ್ದೆಂದಲ್ಲ. 1959ರಿಂದ ಬ್ರಿಟನ್ನಿನಲ್ಲಿ ದುಡಿದ ಹರ್ಮೀಸ್ 1987ರಲ್ಲಿ ನಮ್ಮ ವಿರಾಟ್ ಆಗಿ 2017ರವರೆಗೆ ಓಡಿತು. ಚಿಲಿ 2005ರಲ್ಲಿ 13.4 ಕೋಟಿ ಪೌಂಡಿಗೆ ಮೂರು ಟೈಪ್ 23 ಕೊಂಡು, ಮುಂದೆ ಹೊಸ ಯುದ್ಧ ನಿರ್ವಹಣಾ ಕಂಪ್ಯೂಟರನ್ನೂ ಸೀ ಸೆಪ್ಟರ್ ಕ್ಷಿಪಣಿಯನ್ನೂ ಹಾಕಿಸಿತು. ಎರಡನೇ ಹಂತಕ್ಕೆ ಅವರಲ್ಲಿ ದುಡ್ಡೂ ಇತ್ತು, ನೆನಪೂ ಇತ್ತು. ಭಾರತ 2023ರಲ್ಲಿ ವಿಯೆಟ್ನಾಮಿಗೆ ಐಎನ್‌ಎಸ್ ಕಿರ್ಪಾಣ್ ಕೊಟ್ಟಾಗ ಆಯುಧಗಳ ಸಮೇತ ಕೊಟ್ಟಿತು. ಆದರೆ ಇಂಥವು ಸುದ್ದಿಯಾಗುವುದಿಲ್ಲ.

ಸುದ್ದಿಯಾಗುವುದು ನಿವೃತ್ತಿಯ ನಂತರದ ಅಧ್ಯಾಯ. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಕೂತಿದೆ, ನಮಗೂ ಒಂದು ಬೇಡವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಚಾಪಲ್ 40 ಮೀಟರಿಗೂ ಕಡಿಮೆ ಉದ್ದದ ಕ್ಷಿಪಣಿ ದೋಣಿ. ಫ್ರಿಗೇಟ್ ಎಂದರೆ 125 ಮೀಟರ್ ದಾಟಿದ, ಮೂರು ನಾಲ್ಕು ಸಾವಿರ ಟನ್ನಿನ ಸಾಮಾನು. ಅದನ್ನು ದಡಕ್ಕೆ ಎಳೆಯಲು ಮೊದಲು ಕಾಲುವೆ ತೋಡಬೇಕು, ತೋಡಿದ್ದನ್ನು ಮುಂದಿನ ಮಳೆಗಾಲ ಮರಳಿನಿಂದ ಮುಚ್ಚುವ ಮೊದಲು ಎಳೆದು ಮುಗಿಸಬೇಕು, ಅಡಿಗೆ ಕಾಂಕ್ರೀಟಿನ ತೊಟ್ಟಿಲು ಕಟ್ಟಬೇಕು. ಆಮೇಲೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಪ್ರತಿವರ್ಷ ತುಕ್ಕು ಕೆರೆದು ಬಣ್ಣ ಹಚ್ಚಬೇಕು. 1997ರಲ್ಲಿ ನಿವೃತ್ತವಾಗಿ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದ ಹಳೆಯ ವಿಮಾನವಾಹಕ ವಿಕ್ರಾಂತ್ ಸುರಕ್ಷಿತವಲ್ಲವೆಂದು 2012ರಲ್ಲಿ ಮುಚ್ಚಿ, 2014ರಲ್ಲಿ ಗುಜರಿಗೆ ಹೋಯಿತು. ನಮ್ಮಲ್ಲಿ ಹಾಗಾಗದು. ಹಡಗು ಮಲ್ಪೆಗೋ ಪಣಂಬೂರಿಗೋ ಎಂಬುದು ಮೊದಲು ತೀರ್ಮಾನವಾಗಬೇಕು. ಅದು ಮುಗಿಯುವ ಹೊತ್ತಿಗೆ ಹಡಗು ಗುಜರಾತಿನ ಹಡಗು ಒಡೆಯುವ ಊರು ಅಲಂಗಿನಲ್ಲಿ ತುಂಡಾಗಿರುತ್ತದೆ. ಅಂದಾಜುಪಟ್ಟಿ ಮಾತ್ರ ಈಗಲೇ ಸಿದ್ಧವಾಗಬಹುದು: ಶಾಮಿಯಾನ, ಸೆಲ್ಫಿ ಪಾಯಿಂಟ್, ಶಿಲಾಫಲಕ, ಗಣ್ಯರಿಗೆ ಬೊಂಡ, ಚಾ. ಬಣ್ಣದ ಡಬ್ಬಿ ಎರಡನೇ ಹಂತದಲ್ಲಿ.