ನಮ್ಮಲ್ಲಿ ಲೆಕ್ಕ ಇರುವುದು ಮೆಡಿಕಲ್ ಶಾಪಿನವನ ತಲೆಯಲ್ಲಿ

ಬ್ರಿಟನ್ನಿನ ಕ್ಲಿನಿಕ್‌ಗಳು ಕಂಪ್ಯೂಟರ್ ದಾಖಲೆ ಜಾಲಾಡಿ, ತಕ್ಷಣಕ್ಕೆ ಉಸಿರು ಸಡಿಲಿಸುವ ನೀಲಿ ಇನ್ಹೇಲರ್ ಒಂದರಲ್ಲೇ ದಿನ ದೂಡುವ ಆಸ್ತಮಾ ರೋಗಿಗಳನ್ನು ಕರೆಸುತ್ತವೆ ಎಂದು ಬರೆದಿದ್ದೀರಿ. ಒಳ್ಳೆಯದೇ. ಸಾಲ್ಬುಟಮಾಲ್ ಔಷಧದ ಈ ನೀಲಿ ಪಂಪ್ ವರ್ಷಕ್ಕೆ 3 ಖಾಲಿಯಾದರೂ ಉಬ್ಬಸ ಉಲ್ಬಣಿಸುವ ಅಪಾಯ ಹೆಚ್ಚು. ಆದರೆ ಕೊಡಗಿನಲ್ಲಿ ಜಾಲಾಡಲು ದಾಖಲೆ ಎಲ್ಲಿದೆ ಸ್ವಾಮಿ? ಜುಲೈ ಮಳೆ ಹಿಡಿದರೆ ತೋಟದ ಲೈನ್‌ಮನೆಗಳಲ್ಲಿ ಹಸಿ ಸೌದೆ ಹೊಗೆ, ಗೋಡೆ ತುಂಬ ಬೂಷ್ಟು. ಉಸಿರು ಕಟ್ಟಿದವರು ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಹಳೇ ಪಂಪ್ ತೋರಿಸಿ ಹೊಸದು ಒಯ್ಯುತ್ತಾರೆ. ಉಬ್ಬಸ ಬಾರದಂತೆ ತಡೆಯುವ ಸ್ಟೀರಾಯ್ಡ್ ಇನ್ಹೇಲರ್ ಎಂದರೆ ಹೆದರಿಕೆ.

ಪರಿಸರದ ವಿಚಾರದಲ್ಲಿ ಮಾತ್ರ ನಮಗೊಂದು ಅನುಕೂಲವಿದೆ. ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್‌ನಲ್ಲಿ, ಪಂಪ್‌ನಿಂದ ಔಷಧ ಚಿಮ್ಮಿಸುವ, ಭೂಮಿ ಬಿಸಿಮಾಡುವ ಎಚ್‌ಎಫ್‌ಎ ಅನಿಲವೇ ಇಲ್ಲ. ಪುಟ್ಟ ಮಕ್ಕಳಿಗೆ, ಜೋರಾಗಿ ಉಸಿರೆಳೆಯಲಾಗದ ಅಜ್ಜ-ಅಜ್ಜಿಯರಿಗೆ ಸ್ಪೇಸರ್ (ಪಂಪಿನ ಬಾಯಿಗೆ ಜೋಡಿಸುವ ಕೊಳವೆ) ಸಮೇತ ಪಂಪೇ ಇರಲಿ. ಇಲ್ಲಿನ ಮಳೆಗಾಲದಲ್ಲಿ ಕ್ಯಾಪ್ಸೂಲ್ ಡಬ್ಬಿಯ ಮುಚ್ಚಳ ಭದ್ರವಾಗಿರಬೇಕು, ತೇವ ತಗುಲಿದರೆ ಪುಡಿ ಗಂಟುಕಟ್ಟುತ್ತದೆ.